ಔಷಧಿಗೂ ನೀರು ಬೆರೆಸಲು ಕಲಿಸಿದ ಡಾಕ್ಟರು: ಜೋಸೆಫ್ ಲಿಸ್ಟರ್ ಬದುಕು

ಮೆಡಿಕಲ್ ಶಾಪ್ ಬಿಡಿ, ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಗಾಯಕ್ಕೆ ಹಾಕುವ ಆಂಟಿಸೆಪ್ಟಿಕ್ ಬಾಟ್ಲಿ ಸಿಗುತ್ತೆ. ಕುಡುಗೋಲು ತಾಗಿದರೆ, ಬೈಕಿನಿಂದ ಬಿದ್ದು ಮೊಣಕಾಲು ತರಚಿದರೆ, ಮಕ್ಕಳು ಆಡುವಾಗ ಬಿದ್ದು ಬಂದರೆ ಮೊದಲು ಕೈ ಹೋಗೋದು ಆ ಬಾಟ್ಲಿಗೇ. ಹಾಕಿದ ಕೂಡಲೇ ಚುರ್ ಅಂತ ಉರಿದರೆ ಔಷಧಿ ಕೆಲಸ ಮಾಡ್ತಿದೆ, ಉರಿ ಜಾಸ್ತಿಯಾದಷ್ಟೂ ಒಳ್ಳೇದು ಅಂತ ನಂಬಿರೋರು ಇವತ್ತಿಗೂ ಬಹಳ ಮಂದಿ.

ಈ ನಂಬಿಕೆ ಸರಿಯಲ್ಲ ಅನ್ನೋದು ಹೊಸ ಸಂಗತಿಯೇನಲ್ಲ. ಗಾಯಕ್ಕೆ ನಂಜು ಏರದಂತೆ ಔಷಧಿ ಹಾಕುವ ಪದ್ಧತಿಯನ್ನು ಜಗತ್ತಿಗೆ ಹೇಳಿಕೊಟ್ಟ ಡಾಕ್ಟರಿಗೆ ತಮ್ಮ ಮೊದಲ ಯಶಸ್ವಿ ರೋಗಿಯ ಕಾಲಿನಲ್ಲೇ ಅದು ಕಂಡಿತ್ತು. ಅದೂ 1865ರಲ್ಲಿ. ಅವರೇ ಜೋಸೆಫ್ ಲಿಸ್ಟರ್.

ಲೆನ್ಸ್ ಉಜ್ಜುತ್ತಿದ್ದ ಅಪ್ಪ

ಲಿಸ್ಟರ್ ಹುಟ್ಟಿದ್ದು 1827ರ ಏಪ್ರಿಲ್ 5ರಂದು, ಲಂಡನ್ ಪಕ್ಕದ ಅಪ್ಟನ್ ಎಂಬಲ್ಲಿ. ಅಪ್ಪ ಜೋಸೆಫ್ ಜಾಕ್ಸನ್ ಲಿಸ್ಟರ್ ವೈನ್ ವ್ಯಾಪಾರಿ. ವ್ಯಾಪಾರ ಮುಗಿಸಿ ಮನೆಗೆ ಬಂದ ಮೇಲೆ ಅವರಿಗೆ ಇನ್ನೊಂದು ಗೀಳು: ಸೂಕ್ಷ್ಮದರ್ಶಕದ ಲೆನ್ಸ್ ತಯಾರಿ. ಆ ಕಾಲದ ಸೂಕ್ಷ್ಮದರ್ಶಕದಲ್ಲಿ ನೋಡಿದ ವಸ್ತುವಿನ ಸುತ್ತ ಬಣ್ಣಬಣ್ಣದ ಅಂಚು ಕಾಣುತ್ತಿತ್ತು, ಚಿತ್ರ ಮಸುಕಾಗುತ್ತಿತ್ತು. ಲೆನ್ಸ್‌ಗಳನ್ನು ಯಾವ ದೂರದಲ್ಲಿ ಜೋಡಿಸಿದರೆ ಈ ದೋಷ ಹೋಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದು ಈ ವ್ಯಾಪಾರಿ. ಕಾಲೇಜು ಮೆಟ್ಟಿಲು ಹತ್ತದ ಆ ಮನುಷ್ಯನನ್ನು ರಾಯಲ್ ಸೊಸೈಟಿ 1832ರಲ್ಲಿ ಫೆಲೋ ಆಗಿ ಆರಿಸಿಕೊಂಡಿತು. ಅಂಗಡಿ ನಡೆಸೋರು ವಿಜ್ಞಾನಕ್ಕೆ ಏನು ಮಾಡಿಯಾರು ಅನ್ನೋರಿಗೆ ಇದೊಂದು ಉತ್ತರ.

ಮನೆತನ ಕ್ವೇಕರ್ ಪಂಥದ್ದು. ಆಡಂಬರವಿಲ್ಲದ ಉಡುಗೆ, ಕಟ್ಟುನಿಟ್ಟಿನ ಬದುಕು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಬಾಗಿಲು ಆಗ ಕ್ವೇಕರ್ ಮಕ್ಕಳಿಗೆ ತೆರೆದಿರಲಿಲ್ಲ. ಹಾಗಾಗಿ ಲಿಸ್ಟರ್ ಓದಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಮಾತಾಡುವಾಗ ತೊದಲುವ ಹುಡುಗ. ನಡುವೆ ಸಿಡುಬು ಬಂತು, ಅದು ವಾಸಿಯಾದರೂ ಮನಸ್ಸು ಕುಸಿದು ಓದು ಕೆಲಕಾಲ ನಿಂತೇ ಹೋಯಿತು. ಚೇತರಿಸಿಕೊಂಡು 1852ರಲ್ಲಿ ವೈದ್ಯ ಪದವಿ ಪಡೆದರು.

ಮರುವರ್ಷ ಸ್ಕಾಟ್ಲೆಂಡಿನ ಎಡಿನ್‌ಬರೋಕ್ಕೆ ಹೋದರು. ಅಲ್ಲಿನ ದೊಡ್ಡ ಸರ್ಜನ್ ಜೇಮ್ಸ್ ಸೈಮ್ ಅವರ ಕೆಲಸವನ್ನು ಒಂದು ತಿಂಗಳು ನೋಡಿಕೊಂಡು ಬರೋಣ ಅಂತ ಹೋದವರು ಏಳು ವರ್ಷ ಅಲ್ಲೇ ಉಳಿದರು. 1856ರಲ್ಲಿ ಸೈಮ್ ಅವರ ಮಗಳು ಆಗ್ನೆಸ್ ಜೊತೆ ಮದುವೆ. ಬೇರೆ ಪಂಥದ ಹುಡುಗಿಯನ್ನು ಮದುವೆಯಾಗಲು ಲಿಸ್ಟರ್ ಕ್ವೇಕರ್ ಪಂಥವನ್ನೇ ಬಿಟ್ಟರು. ಮದುವೆಯಾದ ಮೇಲೆ ಯುರೋಪ್ ಸುತ್ತಲು ಹೋದ ಈ ಜೋಡಿ ನೋಡಿದ್ದರಲ್ಲಿ ಹೆಚ್ಚಿನವು ಆಸ್ಪತ್ರೆಗಳು!

ಆಗ್ನೆಸ್ ಬರೀ ಮನೆ ನೋಡಿಕೊಂಡವರಲ್ಲ. ಕಪ್ಪೆಯ ಕಾಲಿನ ತೆಳು ಪೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಗಾಯವಾದಾಗ ಅಲ್ಲಿ ರಕ್ತ ಹೇಗೆ ಕಟ್ಟಿಕೊಳ್ಳುತ್ತೆ, ಕೆಂಪು ಹೇಗೆ ಏರುತ್ತೆ ಎಂದು ಲಿಸ್ಟರ್ ಗಂಟೆಗಟ್ಟಲೆ ನೋಡುತ್ತಿದ್ದರು. ಅವರು ಹೇಳುತ್ತಾ ಹೋದಂತೆ ಬರೆದುಕೊಳ್ಳುತ್ತಿದ್ದವರು ಆಗ್ನೆಸ್. ಆ ಪ್ರಯೋಗದ ಪುಸ್ತಕಗಳಲ್ಲಿ ಪುಟಗಟ್ಟಲೆ ಇರೋದು ಅವರ ಕೈಬರಹವೇ. ಚರ್ಮದ ಉರಿಯೂತ ಅಂದರೆ ಏನು ಎಂಬುದನ್ನು ಕಣ್ಣಾರೆ ನೋಡಿ ಕಲಿತದ್ದು ಮುಂದೆ ಲಿಸ್ಟರ್‌ಗೆ ಉಪಯೋಗಕ್ಕೆ ಬಂತು.

ಅರ್ಧ ಜನ ಸಾಯುತ್ತಿದ್ದ ವಾರ್ಡು

1860ರಲ್ಲಿ ಲಿಸ್ಟರ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ಆದರು. ಮರುವರ್ಷ ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಸರ್ಜನ್ ಕೆಲಸವೂ ಸಿಕ್ಕಿತು. ಕಾರ್ಖಾನೆ, ಹಡಗುಕಟ್ಟೆ, ಕುದುರೆಗಾಡಿಗಳ ಊರು ಅದು. ಕೈಕಾಲು ನಜ್ಜುಗುಜ್ಜಾದವರು ದಿನಾ ಬರೋರು.

ನೋವು ಗೊತ್ತಾಗದಂತೆ ಆಪರೇಷನ್ ಮಾಡುವ ಈಥರ್, ಕ್ಲೋರೋಫಾರ್ಮ್ ಅಷ್ಟರಲ್ಲಿ ಬಂದಾಗಿತ್ತು. ಆದರೆ ಆಪರೇಷನ್ ಚೆನ್ನಾಗಿ ಆಯ್ತು ಅಂತ ಡಾಕ್ಟರು ಹೇಳಿದ ರೋಗಿ ನಾಲ್ಕೈದು ದಿನದಲ್ಲಿ ಜ್ವರ ಏರಿ, ಗಾಯ ಕೊಳೆತು ಸಾಯುತ್ತಿದ್ದ. 1861ರಿಂದ 1865ರವರೆಗೆ ಲಿಸ್ಟರ್ ಅವರ ಗಂಡಸರ ಅಪಘಾತ ವಾರ್ಡಿನಲ್ಲಿ ಕೈಯೋ ಕಾಲೋ ಕತ್ತರಿಸಿಕೊಂಡವರ ಪೈಕಿ ಶೇ 45ರಿಂದ 50ರಷ್ಟು ಮಂದಿ ನಂಜೇರಿ ಸತ್ತರು. ಇದು ಅವರೇ ಇಟ್ಟ ಲೆಕ್ಕ. ಅವರು ಕೆಟ್ಟ ಸರ್ಜನ್ ಅಲ್ಲ, ಬೇರೆ ಕಡೆಯೂ ಕಥೆ ಹೀಗೇ ಇತ್ತು.

ಕಾರಣ ಏನು? ಕೆಟ್ಟ ಗಾಳಿ ಅನ್ನುತ್ತಿದ್ದರು ಎಲ್ಲರೂ. ಇನ್‌ಫರ್ಮರಿ ಪಕ್ಕದಲ್ಲೇ, ಗೋಡೆಗೆ ತಾಗಿದಂತೆ, 1849ರ ಕಾಲರಾದಲ್ಲಿ ಸತ್ತವರ ಶವಪೆಟ್ಟಿಗೆಗಳನ್ನು ನೆಲಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಹೂತಿದ್ದರು. ಅದರ ಗಾಳಿಯೇ ಕಾರಣ ಅಂತ ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಇತ್ತ ಸರ್ಜನ್‌ಗಳು ಒಣಗಿದ ರಕ್ತ ಮೆತ್ತಿದ ಹಳೇ ಕೋಟು ಹಾಕಿಕೊಂಡೇ ಆಪರೇಷನ್‌ಗೆ ನಿಲ್ಲೋರು. ಕೋಟು ಎಷ್ಟು ಗಲೀಜೋ ಅಷ್ಟು ಅನುಭವಿ ಡಾಕ್ಟರು ಅಂತ ಲೆಕ್ಕ. ಗಾಯದಲ್ಲಿ ಬಿಳಿ ಕೀವು ಕಂಡರೆ ವಾಸಿಯಾಗ್ತಿದೆ ಅನ್ನೋರು.

ಲಿಸ್ಟರ್ ಅವರನ್ನು ಒಂದು ಸಣ್ಣ ವ್ಯತ್ಯಾಸ ಕಾಡುತ್ತಿತ್ತು. ಮೂಳೆ ಒಳಗೇ ಮುರಿದು ಮೇಲಿನ ಚರ್ಮ ಹರಿಯದೇ ಇದ್ದರೆ, ಅದೇ ವಾರ್ಡಿನ ಅದೇ ಗಾಳಿಯಲ್ಲಿ ಮಲಗಿದ್ದರೂ ರೋಗಿ ಹುಷಾರಾಗುತ್ತಿದ್ದ. ಮುರಿದ ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಮಾತ್ರ ಕೀವು, ಜ್ವರ, ಸಾವು. ಹಾಗಾದರೆ ರಹಸ್ಯ ಇರೋದು ಮೂಳೆಯಲ್ಲಲ್ಲ, ಹರಿದ ಚರ್ಮದಲ್ಲಿ. ಆ ಬಾಗಿಲಿಂದ ಏನೋ ಒಳಗೆ ಹೋಗುತ್ತಿದೆ.

ಆ ಏನೋ ಯಾವುದು ಎಂಬ ಸುಳಿವು ಸಿಕ್ಕಿದ್ದು 1865ರಲ್ಲಿ. ಅದೇ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರೊಫೆಸರ್ ಥಾಮಸ್ ಆಂಡರ್ಸನ್, ಫ್ರಾನ್ಸಿನ ಲೂಯಿ ಪಾಶ್ಚರ್ ಬರೆದಿದ್ದನ್ನು ಓದಿ ನೋಡಲು ಹೇಳಿದರು. ಹಾಲು ಹುಳಿಯಾಗೋದು, ಮಾಂಸ ಕೊಳೆಯೋದು ಗಾಳಿಯಿಂದ ಅಲ್ಲ, ಗಾಳಿಯಲ್ಲೂ ಧೂಳಲ್ಲೂ ಇರುವ ಕಣ್ಣಿಗೆ ಕಾಣದ ಜೀವಿಗಳಿಂದ ಎಂದು ಪಾಶ್ಚರ್ ತೋರಿಸಿದ್ದರು. ಅಪ್ಪನ ಸೂಕ್ಷ್ಮದರ್ಶಕ ನೋಡುತ್ತಲೇ ಬೆಳೆದ ಲಿಸ್ಟರ್‌ಗೆ ಇದನ್ನು ನಂಬೋದು ಕಷ್ಟವಾಗಲಿಲ್ಲ. ಗಾಯ ಕೊಳೆಯೋದೂ ಹೀಗೇ ಇರಬೇಕು ಅನ್ನಿಸಿತು. ಆ ಜೀವಿಗಳನ್ನು ತಡೆಯಲು ಪಾಶ್ಚರ್ ಹೇಳಿದ ದಾರಿ ಮೂರು: ಕಾಯಿಸೋದು, ಸೋಸೋದು, ರಾಸಾಯನಿಕ ಹಾಕೋದು. ಮನುಷ್ಯನ ಕಾಲನ್ನು ಕಾಯಿಸಲು ಆಗಲ್ಲ, ಸೋಸಲೂ ಆಗಲ್ಲ. ಉಳಿದದ್ದು ಒಂದೇ.

ಚರಂಡಿಯಿಂದ ಬಂದ ಔಷಧಿ

ಕಾರ್ಲೈಲ್ ಎಂಬ ಪಟ್ಟಣದಲ್ಲಿ ಒಳಚರಂಡಿ ನೀರಿನ ದುರ್ವಾಸನೆ ತಡೆಯಲು ಕಾರ್ಬಾಲಿಕ್ ಆಸಿಡ್ ಬೆರೆಸುತ್ತಿದ್ದ ಸುದ್ದಿ ಲಿಸ್ಟರ್ ಕಿವಿಗೆ ಬಿತ್ತು. ಆ ನೀರು ಹರಿದ ಹೊಲದಲ್ಲಿ ಮೇಯ್ದ ದನಗಳಿಗೆ ಬರುತ್ತಿದ್ದ ಹುಳದ ಕಾಯಿಲೆಯೂ ಕಡಿಮೆಯಾಗಿತ್ತಂತೆ. ಕಾರ್ಬಾಲಿಕ್ ಆಸಿಡ್ ಅಂದರೆ ಇವತ್ತಿನ ಫಿನಾಲ್. 1834ರಲ್ಲಿ ಕಲ್ಲಿದ್ದಲ ಟಾರಿನಿಂದ ತೆಗೆದ ವಸ್ತು. ಹಳೇ ಕೆಂಪು ಲೈಫ್‌ಬಾಯ್ ಸೋಪಿನ ವಾಸನೆ ನೆನಪಿರೋರಿಗೆ ಇದರ ವಾಸನೆ ವಿವರಿಸಿ ಹೇಳಬೇಕಾಗಿಲ್ಲ.

1865ರ ಮಾರ್ಚಿನಲ್ಲಿ ಒಬ್ಬ ರೋಗಿಯ ಮೇಲೆ ಮೊದಲ ಪ್ರಯತ್ನ. ಅದು ಫಲಿಸಲಿಲ್ಲ. ಸರಿಯಾಗಿ ನಿಭಾಯಿಸದೇ ಹೋದದ್ದೇ ಕಾರಣ ಎಂದು ಲಿಸ್ಟರ್ ಆಮೇಲೆ ಅಚ್ಚಿನಲ್ಲೇ ಒಪ್ಪಿಕೊಂಡರು.

ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಹುಡುಗನನ್ನು ಹೊತ್ತು ತಂದರು. ಗಾಡಿಯ ಚಕ್ರ ಎಡಗಾಲ ಮೇಲೆ ಹರಿದು ಮೂಳೆ ಮುರಿದಿತ್ತು, ಚರ್ಮ ಸೀಳಿತ್ತು. ಆ ಕಾಲದ ರೂಢಿಯಂತೆ ಇಂಥ ಗಾಯಕ್ಕೆ ಕಾಲು ತೆಗೆಯೋದೇ ಸುರಕ್ಷಿತ. ಲಿಸ್ಟರ್ ಕಾಲು ಉಳಿಸಲು ನಿಂತರು. ಕಾರ್ಬಾಲಿಕ್ ಆಸಿಡ್‌ನಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲಿಟ್ಟು, ಅದು ಆರದಂತೆ ತವರದ ತೆಳು ತಗಡು ಮುಚ್ಚಿ, ಕಾಲಿಗೆ ದಬ್ಬೆ ಕಟ್ಟಿಸಿದರು.

ನಾಲ್ಕು ದಿನ ಬಿಟ್ಟು ಬಿಚ್ಚಿ ನೋಡಿದರು. ಕೀವಿಲ್ಲ, ಕೊಳೆತ ವಾಸನೆಯಿಲ್ಲ. ಆದರೆ ಗಾಯದ ಅಂಚಿನ ಚರ್ಮ ಕೆಂಪಾಗಿತ್ತು.

ಬೇರೆಯವರಾಗಿದ್ದರೆ ಆ ಕೆಂಪನ್ನು ನಂಜು ಅಂದುಕೊಂಡು ಇನ್ನಷ್ಟು ಆಸಿಡ್ ಸುರಿಯುತ್ತಿದ್ದರೇನೋ. ಕಪ್ಪೆಯ ಕಾಲಿನಲ್ಲಿ ಉರಿಯೂತವನ್ನು ವರ್ಷಗಟ್ಟಲೆ ನೋಡಿದ್ದ ಲಿಸ್ಟರ್‌ಗೆ ಇದು ರೋಗದ ಕೆಂಪಲ್ಲ, ಔಷಧಿಯದ್ದೇ ಕೆಂಪು ಎಂದು ಗೊತ್ತಾಯಿತು. ಆಸಿಡ್ಡಿಗೆ ನೀರು ಬೆರೆಸಿ ತೆಳು ಮಾಡಿದರು. ಆಗಲೂ ಚರ್ಮ ಕೆರಳಿದ್ದು ಕಂಡು ಆಲಿವ್ ಎಣ್ಣೆಯಲ್ಲಿ ಬೆರೆಸಿ ಹಚ್ಚಿದರು. ಆರು ವಾರಕ್ಕೆ ಮೂಳೆ ಕೂಡಿಕೊಂಡಿತು. ಹುಡುಗ ತನ್ನದೇ ಎರಡು ಕಾಲಿನ ಮೇಲೆ ಮನೆಗೆ ಹೋದ.

ಔಷಧಿ ಕಂಡುಹಿಡಿದದ್ದಕ್ಕೆ ಲಿಸ್ಟರ್‌ಗೆ ಹೆಸರು ಬಂತು. ನಿಜ ನೋಡಿದರೆ ಕಾರ್ಬಾಲಿಕ್ ಆಸಿಡ್ಡನ್ನು ಗಾಯಕ್ಕೆ ಬಳಸಿದವರು ಅವರಿಗಿಂತ ಮುಂಚೆಯೇ ಇದ್ದರು. ಫ್ರಾನ್ಸಿನ ಜೂಲ್ ಲೆಮೇರ್ ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ಇದನ್ನೇ ಹಿಡಿದು ಕ್ಲೋರೋಫಾರ್ಮ್ ಖ್ಯಾತಿಯ ಜೇಮ್ಸ್ ಸಿಂಪ್ಸನ್ ಪತ್ರಿಕೆಗಳಲ್ಲಿ ಲಿಸ್ಟರ್ ಮೇಲೆ ಹರಿಹಾಯ್ದರು. ಆದರೆ ಯಾಕೆ ಹಾಕಬೇಕು, ಎಷ್ಟು ಹಾಕಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಕ್ರಮ ಲಿಸ್ಟರ್ ಅವರದ್ದೇ.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಗ್ರೀನ್‌ಲೀಸ್ ಕಾಲಿಗೆ ಪಟ್ಟಿ ಕಟ್ಟಿದ ಮರುದಿನ, 1865ರ ಆಗಸ್ಟ್ 13ರಂದು, ವಿಯೆನ್ನಾದ ಹುಚ್ಚಾಸ್ಪತ್ರೆಯೊಂದರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಗಾಯ ನಂಜಾಗಿ ತೀರಿಕೊಂಡರು. ಬಾಣಂತಿಯರನ್ನು ಮುಟ್ಟುವ ಮುನ್ನ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರಿ ಅಂತ 1847ರಲ್ಲೇ ಹೇಳಿ, ಸಾವು ಕಡಿಮೆ ಮಾಡಿ ತೋರಿಸಿದ್ದವರು. ಅವರ ಮಾತನ್ನು ಜೊತೆಯ ಡಾಕ್ಟರುಗಳೇ ಕೇಳಲಿಲ್ಲ.

ನಂಬದವರು, ನಂಬಿದವರು

1867ರ ಮಾರ್ಚಿನಿಂದ ಜುಲೈವರೆಗೆ ಲಿಸ್ಟರ್ ತಮ್ಮ ಅನುಭವವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕಂತುಗಳಲ್ಲಿ ಬರೆದರು. ಗ್ರೀನ್‌ಲೀಸ್ ಸೇರಿ 11 ಮಂದಿಯ ಮುರಿದ ಮೂಳೆಗಳ ಕಥೆ ಅದು. 9 ಮಂದಿ ಕೈಕಾಲು ಉಳಿಸಿಕೊಂಡು ಗುಣವಾದರು. ಒಬ್ಬರ ಕಾಲು ತೆಗೆಯಬೇಕಾಯಿತು, ಒಬ್ಬರು ಸತ್ತರು. ಗೆದ್ದದ್ದನ್ನು ಮಾತ್ರ ಬರೆದು ಸೋತದ್ದನ್ನು ಮುಚ್ಚಿಡುವ ಬುದ್ಧಿ ಲಿಸ್ಟರ್‌ಗೆ ಇರಲಿಲ್ಲ.

ಅದೇ ವರ್ಷ ಅವರ ಮನೆಗೇ ಪರೀಕ್ಷೆ ಬಂತು. ಅಕ್ಕತಂಗಿಯರಲ್ಲಿ ಒಬ್ಬರಾದ ಇಸಬೆಲ್ಲಾಗೆ ಸ್ತನ ಕ್ಯಾನ್ಸರ್. ಆ ಕಾಲದಲ್ಲಿ ಅಷ್ಟು ದೊಡ್ಡ ಗಾಯ ಮಾಡುವ ಆಪರೇಷನ್ ಅಂದರೆ ನಂಜೇರಿ ಸಾಯೋದೇ ಜಾಸ್ತಿ. ಲಿಸ್ಟರ್ ಸ್ವಂತ ಮನೆಯಲ್ಲೇ, ತಾವೇ ಕೈಯಾರೆ, ಕಾರ್ಬಾಲಿಕ್ ಬಳಸಿ ಆಪರೇಷನ್ ಮಾಡಿದರು. ಗಾಯ ನಂಜಿಲ್ಲದೆ ಮಾಯಿತು. ಕ್ಯಾನ್ಸರ್ ಬಿಡಲಿಲ್ಲ ನಿಜ, ಆದರೂ ಆಕೆ ಸುಮಾರು ಮೂರು ವರ್ಷ ಬದುಕಿದರು.

ವಾರ್ಡಿನ ಲೆಕ್ಕ ಎಲ್ಲಕ್ಕಿಂತ ಜೋರಾಗಿ ಮಾತಾಡಿತು. 1869ರ ಹೊತ್ತಿಗೆ ಸಾವಿನ ಪ್ರಮಾಣ ಶೇ 45ರಿಂದ ಶೇ 15ಕ್ಕೆ ಇಳಿದಿತ್ತು. ಆದರೂ ಲಂಡನ್ನಿನ ಡಾಕ್ಟರುಗಳು ನಕ್ಕರು. ಕಣ್ಣಿಗೆ ಕಾಣದ ಪ್ರಾಣಿಗೆ ಹೆದರಿ ಕೈ ತೊಳೆಯೋದೇ? ಜರ್ಮನಿಯವರು ಬೇಗ ಒಪ್ಪಿಕೊಂಡರು. ಹಾಲೆ ನಗರದ ಫೋಲ್ಕ್‌ಮನ್, ಮ್ಯೂನಿಕ್ಕಿನ ನುಸ್‌ಬಾಮ್ ತಮ್ಮ ಆಸ್ಪತ್ರೆಗಳಲ್ಲಿ ಲಿಸ್ಟರ್ ಪದ್ಧತಿ ತಂದ ಮೇಲೆ ಗಾಯ ಕೊಳೆಯೋದು ನಿಂತೇಹೋದಂತಾಯಿತು.

1869ರಲ್ಲಿ ಲಿಸ್ಟರ್ ಮಾವನ ಜಾಗಕ್ಕೆ, ಎಡಿನ್‌ಬರೋಕ್ಕೆ ಮರಳಿದರು. ಕರುಳಿನಿಂದ ಮಾಡಿದ ದಾರವನ್ನು ಕಾರ್ಬಾಲಿಕ್‌ನಲ್ಲಿ ನೆನೆಸಿ, ರಕ್ತನಾಳ ಕಟ್ಟಿ ಒಳಗೇ ಬಿಟ್ಟರೆ ಅದು ತಾನಾಗಿ ಕರಗುತ್ತೆ ಎಂದು ತೋರಿಸಿದರು. 1871ರಲ್ಲಿ ಗಾಳಿಯಲ್ಲಿನ ಕ್ರಿಮಿಗಳನ್ನೂ ಕೊಲ್ಲಬೇಕು ಅಂತ ಆಪರೇಷನ್ ನಡೆಯುವಾಗ ಕಾರ್ಬಾಲಿಕ್ ಸ್ಪ್ರೇ ಹೊಡೆಸಲು ಶುರು ಮಾಡಿದರು. ಅದೇ ಸೆಪ್ಟೆಂಬರಿನಲ್ಲಿ ಬಾಲ್‌ಮೋರಲ್ ಅರಮನೆಯಿಂದ ಕರೆ: ವಿಕ್ಟೋರಿಯಾ ರಾಣಿಯ ಕಂಕುಳಲ್ಲಿ ದೊಡ್ಡ ಕುರು. ಲಿಸ್ಟರ್ ಕುರು ಒಡೆದು ಕೀವು ತೆಗೆದರು. ಸ್ಪ್ರೇ ಹೊಡೆಯುವ ಕೆಲಸ ಆಸ್ಥಾನದ ವೈದ್ಯ ವಿಲಿಯಂ ಜೆನ್ನರ್ ಅವರದ್ದು. ಒಂದಷ್ಟು ರಾಣಿಯ ಮುಖಕ್ಕೇ ಬಿತ್ತು!

1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿ ತಮ್ಮ ಪದ್ಧತಿಯನ್ನು ವಿವರಿಸಿದರು. ಹೆಚ್ಚಿನವರು ಕೇಳಿಯೂ ಕೇಳದಂತೆ ಇದ್ದರು. ಐದು ವರ್ಷದ ನಂತರ, 1881ರ ಜುಲೈ 2ರಂದು, ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಗುಂಡು ಹಾರಿತು. ಗುಂಡು ಎಲ್ಲಿದೆ ಅಂತ ಹುಡುಕಲು ಒಬ್ಬರ ಮೇಲೊಬ್ಬರು ಡಾಕ್ಟರು ತೊಳೆಯದ ಬೆರಳು, ತೊಳೆಯದ ಸಲಾಕೆ ಗಾಯಕ್ಕೆ ತೂರಿಸಿದರು. ನಂಜೇರಿ ಹನ್ನೊಂದು ವಾರ ನರಳಿ ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು.

ಅಷ್ಟರಲ್ಲಿ ಲಿಸ್ಟರ್ 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದಿದ್ದರು. ಅದೇ ವರ್ಷ ಒಬ್ಬರ ಒಡೆದ ಮೊಣಕಾಲ ಚಿಪ್ಪನ್ನು ತೆರೆದು ಬೆಳ್ಳಿ ತಂತಿಯಲ್ಲಿ ಹೊಲಿದರು. ಚರ್ಮ ಹರಿಯದ ಮುರಿತವನ್ನು ಬೇಕೆಂದೇ ಕೊಯ್ದು ತೆರೆಯೋದು ಕೊಲೆಗೆ ಸಮ ಅಂತ ಕೆಲವರು ಕೂಗಾಡಿದರು. ರೋಗಿ ನಡೆದುಕೊಂಡು ಮನೆಗೆ ಹೋದ. ಲಂಡನ್ ಸುಮ್ಮನಾಯಿತು.

ಕೈ ಸುಟ್ಟುಕೊಂಡವರು

ಗೆಲುವಿನ ಜೊತೆಗೇ ಔಷಧಿಯ ಇನ್ನೊಂದು ಮುಖವೂ ಕಾಣತೊಡಗಿತು. ದಿನವಿಡೀ ಕಾರ್ಬಾಲಿಕ್‌ನಲ್ಲಿ ಕೈ ಅದ್ದುವ ಸರ್ಜನ್, ನರ್ಸ್‌ಗಳ ಬೆರಳು ಬೆಳ್ಳಗಾಗಿ, ಮರಗಟ್ಟಿ, ಬಿರಿಯುತ್ತಿದ್ದವು. ಸ್ಪ್ರೇ ಕುಡಿದ ಗಂಟಲು ಕೆರೆಯುತ್ತಿತ್ತು. ಹೆಚ್ಚು ಹಾಕಿದ ರೋಗಿಗಳಲ್ಲಿ ಅದು ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರ ಕಪ್ಪಗಾಗುತ್ತಿತ್ತು.

ಆಪರೇಷನ್‌ಗೆ ಹಾಕುವ ರಬ್ಬರ್ ಗ್ಲೌಸ್ ಹುಟ್ಟಿದ್ದೂ ಇದರಿಂದಲೇ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಇದ್ದರು. ಪಾದರಸದ ಆಂಟಿಸೆಪ್ಟಿಕ್ ನೀರು ಮುಟ್ಟಿ ಮುಟ್ಟಿ ಅವರ ಕೈಗೆ ಚರ್ಮರೋಗವೇ ಬಂತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು. 1890ರಲ್ಲಿ ಇಬ್ಬರೂ ಮದುವೆಯಾದರು. ರೋಗಿಗೆ ನಂಜಾಗದಿರಲಿ ಅಂತ ಅಲ್ಲ, ನರ್ಸ್ ಕೈ ಉರಿಯದಿರಲಿ ಅಂತ ಬಂದ ಗ್ಲೌಸ್ ಅದು.

ಅದೇ 1890ರಲ್ಲಿ ಬರ್ಲಿನ್‌ನ ವೈದ್ಯರ ಮಹಾಸಭೆಯಲ್ಲಿ ಲಿಸ್ಟರ್ ಎದ್ದು ನಿಂತು ತಾವೇ ತಂದ ಸ್ಪ್ರೇಯನ್ನು ತಾವೇ ಕೈಬಿಟ್ಟಿದ್ದಾಗಿ ಹೇಳಿದರು. ಗಾಳಿಯ ಕ್ರಿಮಿಗಿಂತ ಕೈಯ, ಹತಾರದ, ಬಟ್ಟೆಯ ಕ್ರಿಮಿಯೇ ದೊಡ್ಡದು, ಸ್ಪ್ರೇಯನ್ನು ಶಿಫಾರಸು ಮಾಡಿದ್ದಕ್ಕೆ ತಮಗೆ ನಾಚಿಕೆಯಾಗುತ್ತದೆ ಎಂಬ ಅರ್ಥದಲ್ಲಿ ಮಾತಾಡಿದರು. ಜಗತ್ತೇ ಗುರು ಎನ್ನುತ್ತಿದ್ದ ಹೊತ್ತಿನಲ್ಲಿ ಹೀಗೆ ಹೇಳೋಕೆ ಎದೆಗಾರಿಕೆ ಬೇಕು. ಹತಾರಗಳನ್ನು ಕುದಿಸುವ, ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ಅಷ್ಟರಲ್ಲಿ ಜರ್ಮನಿಯಿಂದ ಬಂದಿತ್ತು. ಗಾಯಕ್ಕೆ ಹೋಗಿ ಕ್ರಿಮಿ ಕೊಲ್ಲೋದಕ್ಕಿಂತ ಕ್ರಿಮಿ ಗಾಯಕ್ಕೇ ಹೋಗದಂತೆ ನೋಡೋದು ಮೇಲು ಅನ್ನೋದು ಅದರ ತಿರುಳು.

ಲಿಸ್ಟರ್ ಹೋದ ಮೇಲೆ ಮೊದಲ ಮಹಾಯುದ್ಧದಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು. ಮುಂದೆ ಪೆನಿಸಿಲಿನ್‌ನಿಂದ ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್ ಆಗ ಫ್ರಾನ್ಸಿನ ಬೂಲೋನ್‌ನ ಸೈನ್ಯದ ಆಸ್ಪತ್ರೆಯಲ್ಲಿದ್ದರು. ಗುಂಡಿನ ಗಾಯದಲ್ಲಿ ಇರುವಂಥ ಮೂಲೆ ಮುಡುಕುಗಳನ್ನು ಗಾಜಿನ ನಳಿಗೆಯಲ್ಲೇ ಮಾಡಿ, ಒಳಗೆ ಕ್ರಿಮಿ ಬಿಟ್ಟು, ಆಂಟಿಸೆಪ್ಟಿಕ್ ತುಂಬಿ ಚೆಲ್ಲಿ ನೋಡಿದರು. ಮೂಲೆಯ ಕ್ರಿಮಿ ಹಾಗೇ ಉಳಿದಿದ್ದವು. ಕ್ರಿಮಿಯೊಡನೆ ಹೋರಾಡುವ ನಮ್ಮದೇ ಬಿಳಿ ರಕ್ತಕಣಗಳನ್ನು ಔಷಧಿ ಮೊದಲೇ ಕೊಲ್ಲುತ್ತಿತ್ತು. ಆಳದ ಗಾಯಕ್ಕೆ ಬಾಟ್ಲಿ ಸುರಿದು ಮನೆಯಲ್ಲಿ ಕೂರಬಾರದು ಅನ್ನೋದಕ್ಕೆ ಕಾರಣ ಇದೇ.

ನಮ್ಮ ಬಾಟ್ಲಿಯ ಲೆಕ್ಕ

ಈಗ ಯಾರೂ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಹಾಕಲ್ಲ. ಹಾಕಲೂಬಾರದು. ನೆಲ ಒರೆಸುವ ಕಪ್ಪು ಫಿನಾಯಿಲ್ ಅದರದ್ದೇ ದಾಯಾದಿ, ಅದನ್ನಂತೂ ಮೈಗೆ ತಾಗಿಸಲೇಬೇಡಿ. ಹಿಂದೆ ಆಸ್ಪತ್ರೆಗಳಲ್ಲಿ ಹಚ್ಚುತ್ತಿದ್ದ, ಕಣ್ಣಲ್ಲಿ ನೀರು ಬರಿಸುತ್ತಿದ್ದ ಟಿಂಚರ್ ಅಯೋಡಿನ್ ಜಾಗಕ್ಕೆ ಪೊವಿಡೋನ್ ಅಯೋಡಿನ್ ಬಂದಿದೆ, ಉರಿ ಬಹಳ ಕಡಿಮೆ. ಡೆಟಾಲ್, ಸ್ಯಾವ್ಲಾನ್ ಥರದ ದ್ರವಗಳೂ ಇವೆ. ಔಷಧಿ ಬದಲಾದರೂ ಗ್ರೀನ್‌ಲೀಸ್ ಕಾಲಿನಲ್ಲಿ ಕಂಡ ಕೆಂಪು ಮಾತ್ರ ಇವತ್ತೂ ಕಾಣುತ್ತೆ. ನೀರು ಬೆರೆಸದ ದ್ರವದಲ್ಲಿ ಹತ್ತಿ ನೆನೆಸಿ ಗಾಯಕ್ಕೆ ಕಟ್ಟಿ ಮಲಗಿದರೆ ಬೆಳಗ್ಗೆ ಚರ್ಮ ಸುಟ್ಟು ಬೊಬ್ಬೆ ಎದ್ದಿರುತ್ತೆ.

ತರಚಿದ, ಸಣ್ಣಗೆ ಕೊಯ್ದ ಗಾಯಕ್ಕೆ ಮೊದಲ ಔಷಧಿ ನೀರು. ಮೊದಲು ನಿಮ್ಮ ಕೈ ಸೋಪಿನಲ್ಲಿ ತೊಳೆಯಿರಿ. ರಕ್ತ ಬರ್ತಿದ್ರೆ ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ, ಪದೇ ಪದೇ ಎತ್ತಿ ನೋಡಬೇಡಿ. ಆಮೇಲೆ ಕುಡಿಯುವಂಥ ನೀರನ್ನು ಗಾಯದ ಮೇಲೆ ಧಾರಾಳವಾಗಿ ಹರಿಸಿ, ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ ತೊಳೆಯಿರಿ. ಮಣ್ಣು, ಮರಳು ಪೂರ್ತಿ ಹೋಗಬೇಕು. ಎಷ್ಟೋ ಸಣ್ಣ ಗಾಯಕ್ಕೆ ಇಷ್ಟೇ ಸಾಕು. ಆಂಟಿಸೆಪ್ಟಿಕ್ ಹಾಕೋದಾದ್ರೆ ದ್ರವವನ್ನು ಬಾಟ್ಲಿ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ ಹಾಕಿ. ಅಂದಾಜಿಗೆ ಮುಚ್ಚಳಗಟ್ಟಲೆ ಸುರಿಯಬೇಡಿ. ಮುಲಾಮು ಆದ್ರೆ ತೆಳ್ಳಗೆ ಒಂದು ಪದರ. ಎರಡು ಮೂರು ಥರದ್ದು ಒಟ್ಟಿಗೆ ಬೆರೆಸೋದು ಬೇಡವೇ ಬೇಡ. ಕಣ್ಣು, ಕಿವಿಯ ಒಳಗೆ ಹೋಗಬಾರದು.

ಸ್ಪಿರಿಟ್ ಇರೋದು ಇಂಜೆಕ್ಷನ್ ಚುಚ್ಚುವ ಮುಂಚೆ ಚರ್ಮ ಒರೆಸೋಕೆ. ತೆರೆದ ಗಾಯಕ್ಕೆ ಹಾಕಿದರೆ ಹೊಸದಾಗಿ ಮೂಡುವ ಚರ್ಮವೂ ಸುಡುತ್ತೆ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ದಿನಾ ಹಾಕುತ್ತಾ ಹೋದರೂ ಅಷ್ಟೆ, ಗಾಯ ಮಾಯೋದು ತಡ. ಥೈರಾಯ್ಡ್ ತೊಂದರೆ ಇರೋರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಅಯೋಡಿನ್ ಔಷಧಿಯನ್ನು ಡಾಕ್ಟರನ್ನು ಕೇಳಿಯೇ ಬಳಸಬೇಕು. ನವಜಾತ ಶಿಶುಗಳಿಗೂ ಹಾಗೇ. ಹಚ್ಚಿದ ಜಾಗ ಗಾಯಕ್ಕಿಂತ ಅಗಲವಾಗಿ ಕೆಂಪಾಗಿ ತುರಿಸಿದರೆ ಅದು ಔಷಧಿಯದ್ದೇ ಕಿತಾಪತಿ ಇರಬಹುದು. ತೊಳೆದು ನಿಲ್ಲಿಸಿ, ಇನ್ನೂ ಜಾಸ್ತಿ ಹಚ್ಚಬೇಡಿ. ಬೇಸಿಗೆಯ ಬೆವರುಗುಳ್ಳೆಗೆ, ಉಜ್ಜಿ ಕೆಂಪಾದ ತೊಡೆಸಂದಿಗೆ ಈ ದ್ರವಗಳ ಕೆಲಸವಿಲ್ಲ, ತೊಳೆದು ಒಣಗಿಸೋದೇ ಮೇಲು.

ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣನೆ ನಲ್ಲಿ ನೀರು. ಟೂತ್‌ಪೇಸ್ಟ್ ಬೇಡ. ಕಾಫಿಪುಡಿ, ಡಬ್ಬದ ಅರಿಶಿನಪುಡಿ, ಸಗಣಿ, ಬೂದಿ ಯಾವ ಗಾಯಕ್ಕೂ ಬೇಡ. ಮಣ್ಣು, ಸಗಣಿಯಲ್ಲಿ ಧನುರ್ವಾಯುವಿನ ಕ್ರಿಮಿ ಇರುತ್ತೆ. ಮೊಳೆ ಚುಚ್ಚಿದರೆ, ಗದ್ದೆಯ ಕೆಸರಿನಲ್ಲಿ ಕೊಯ್ದುಕೊಂಡರೆ ಯಾವ ಬಾಟ್ಲಿಯೂ ಟಿಟಿ ಇಂಜೆಕ್ಷನ್ ಬದಲಿಗೆ ಬರಲ್ಲ. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪಾಶ್ಚರ್ ಅವರ ಹುಚ್ಚುನಾಯಿ ಚುಚ್ಚುಮದ್ದನ್ನು ಪರೀಕ್ಷಿಸಲು ಬ್ರಿಟನ್ ನೇಮಿಸಿದ ಸಮಿತಿಯಲ್ಲಿ ಲಿಸ್ಟರ್ ಕೂಡ ಇದ್ದರು ಅನ್ನೋದು ಹಲವರಿಗೆ ಗೊತ್ತಿಲ್ಲ.

ಆಳದ ಗಾಯ, ನಿಲ್ಲದ ರಕ್ತ, ದಿನದಿನಕ್ಕೆ ಹಬ್ಬುವ ಕೆಂಪು, ಕೀವು, ಜ್ವರ ಇದ್ದರೆ ಮನೆಮದ್ದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಸಕ್ಕರೆ ಕಾಯಿಲೆ ಇರೋರ ಪಾದದ ಗಾಯ ಎಷ್ಟೇ ಸಣ್ಣದಿರಲಿ, ಕಾಯಬಾರದು. ಅಂಗಡಿಯವರು ಒಂದು ಕೆಲಸ ಮಾಡಬಹುದು: ದೊಡ್ಡ ಕ್ಯಾನಿನಿಂದ ತಂಪುಪಾನೀಯದ ಖಾಲಿ ಬಾಟ್ಲಿಗೆ ಫಿನಾಯಿಲ್, ಆಂಟಿಸೆಪ್ಟಿಕ್ ಸುರಿದು ಕೊಡೋದನ್ನು ನಿಲ್ಲಿಸಬಹುದು. ಚೀಟಿ ಇಲ್ಲದ ಬಾಟ್ಲಿಯಲ್ಲಿ ಅಳತೆಯೂ ಇಲ್ಲ, ಅವಧಿಯ ತಾರೀಕೂ ಇಲ್ಲ, ಮಕ್ಕಳು ಕುಡಿದರೆ ಆಸ್ಪತ್ರೆಯಲ್ಲಿ ಏನು ಕುಡಿದದ್ದು ಅಂತ ಹೇಳೋಕೂ ಆಗಲ್ಲ.

ಕೊನೆಯ ವರ್ಷಗಳು

1892ರ ಡಿಸೆಂಬರಿನಲ್ಲಿ ಪಾಶ್ಚರ್‌ಗೆ 70 ತುಂಬಿದಾಗ ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ದೊಡ್ಡ ಸಮಾರಂಭ ನಡೆಯಿತು. ಬ್ರಿಟನ್ ಪರವಾಗಿ ಹೋದವರು ಲಿಸ್ಟರ್. ಆರೋಗ್ಯ ಕೆಟ್ಟಿದ್ದ ಪಾಶ್ಚರ್ ಕಷ್ಟಪಟ್ಟು ಎದ್ದು ಬಂದು ಅವರನ್ನು ತಬ್ಬಿಕೊಂಡರು.

ಮುಂದಿನ ಏಪ್ರಿಲ್‌ನಲ್ಲಿ ಲಿಸ್ಟರ್ ದಂಪತಿ ರಜೆಗೆಂದು ಇಟಲಿಯ ರಪಾಲ್ಲೋಗೆ ಹೋಗಿದ್ದರು. ಆಗ್ನೆಸ್‌ಗೆ ನ್ಯುಮೋನಿಯಾ ಬಂತು. ನಾಲ್ಕೇ ದಿನದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಕೆಲಸದಲ್ಲೂ ಮನೆಯಲ್ಲೂ ಜೊತೆಗಿದ್ದ ಒಬ್ಬರೇ ಹೋದ ಮೇಲೆ ಲಿಸ್ಟರ್ ವೈದ್ಯ ವೃತ್ತಿಯಿಂದ ದೂರ ಸರಿದರು.

ಗೌರವಗಳು ಬರುತ್ತಲೇ ಇದ್ದವು. 1895ರಿಂದ 1900ರವರೆಗೆ ಅಪ್ಪನನ್ನು ಸೇರಿಸಿಕೊಂಡಿದ್ದ ಅದೇ ರಾಯಲ್ ಸೊಸೈಟಿಗೆ ಅಧ್ಯಕ್ಷರಾದರು. 1897ರಲ್ಲಿ ಲಾರ್ಡ್ ಪದವಿ. 1902ರಲ್ಲಿ ಪಟ್ಟಾಭಿಷೇಕಕ್ಕೆ ಎರಡು ದಿನ ಇರುವಾಗ ಏಳನೇ ಎಡ್ವರ್ಡ್ ದೊರೆಗೆ ಅಪೆಂಡಿಕ್ಸ್ ಕಾಟ ಜೋರಾಯಿತು, ಆಪರೇಷನ್‌ಗೆ ಮುಂಚೆ ಸರ್ಜನ್‌ಗಳು 75 ವರ್ಷದ ಲಿಸ್ಟರ್ ಸಲಹೆ ಕೇಳಿದರು. ದೊರೆ ಬದುಕಿದ. ಅವರ ಹೆಸರನ್ನು ಅಮೆರಿಕದಲ್ಲಿ 1879ರಲ್ಲೇ ಲಿಸ್ಟರೀನ್ ಎಂಬ ದ್ರವಕ್ಕೆ ಇಟ್ಟಿದ್ದರು. ಈಗ ಬಾಯಿ ಮುಕ್ಕಳಿಸಲು ಅಂಗಡಿಗಳಲ್ಲಿ ಮಾರುವ ಅದನ್ನು ತಯಾರಿಸಿದ್ದು ಅವರಲ್ಲ.

1912ರ ಫೆಬ್ರವರಿ 10ರಂದು ಕೆಂಟ್ ಪ್ರಾಂತ್ಯದ ಕಡಲತೀರದ ವಾಲ್ಮರ್‌ನಲ್ಲಿ ಲಿಸ್ಟರ್ ಕೊನೆಯುಸಿರೆಳೆದರು. ವಯಸ್ಸು 84. ದೊರೆಗಳನ್ನು, ಕವಿಗಳನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರಿಗೂ ಜಾಗ ಕೊಡಲು ಮುಂದಾದರು. ಅಬೆಯಲ್ಲಿ ಪ್ರಾರ್ಥನೆ ನಡೆಯಿತು. ಆದರೆ ಲಿಸ್ಟರ್ ಅವರ ಇಚ್ಛೆಯಂತೆ ಅವರನ್ನು ಮಣ್ಣು ಮಾಡಿದ್ದು ಲಂಡನ್ನಿನ ಹ್ಯಾಂಪ್‌ಸ್ಟೆಡ್ ಸ್ಮಶಾನದಲ್ಲಿ, ಆಗ್ನೆಸ್ ಪಕ್ಕದಲ್ಲಿ.